ಹಸಿರೆಲೆಯನ್ನು ನಂಬದ ಹೋಳಿನಕ್ಕ

ಸೂರ್ಯ ಇನ್ನೂ ಮೂಡಿಲ್ಲ. ಕೃಷಿ ಸಂಶೋಧನಾ ಕೇಂದ್ರದ ತಗಡಿನ ಶೆಡ್ಡಿನಲ್ಲಿ, ಹೋಳು ಮಾಡುವ ಕೆಲಸದಿಂದಲೇ ಈ ಹೆಸರು ಪಡೆದ ಹೋಳಿನಕ್ಕ ಮರಗೆಣಸಿನ ಗೆಡ್ಡೆಯೊಂದನ್ನು ಹಲಗೆಯ ಮೇಲಿಟ್ಟು ಬಿಲ್ಲೆಬಿಲ್ಲೆಯಾಗಿ ಕತ್ತರಿಸುತ್ತಾರೆ. ಪ್ರತಿ ಬಿಲ್ಲೆಯನ್ನೂ ಬಲ್ಬಿನ ಬೆಳಕಿಗೆ ಹಿಡಿದು ಅಂಕ ಕೂಗುತ್ತಾರೆ. ಒಂದು ಎಂದರೆ ಶುಭ್ರ, ಐದು ಎಂದರೆ ಪೂರ್ತಿ ಕೊಳೆ. ಎದುರಿಗಿರುವ ಸಹಾಯಕಿ ಬರೆದುಕೊಳ್ಳುತ್ತಾಳೆ. ಈ ಬೆಳಿಗ್ಗೆ ಹೆಚ್ಚಾಗಿ ಕೇಳಿಬರುತ್ತಿರುವುದು ನಾಲ್ಕು, ಐದು.

ಈ ಕೊಳೆರೋಗ ಮೋಸದ್ದು. ಎಲೆ ಹಸಿರಾಗಿಯೇ ಇರುತ್ತದೆ, ಗೆಡ್ಡೆ ಮಣ್ಣಿನೊಳಗೆ ಕೊಳೆಯುತ್ತದೆ. ಮರಗೆಣಸನ್ನು ಕಾಂಡದ ತುಂಡು ನೆಟ್ಟು ಬೆಳೆಸುವುದರಿಂದ ಆ ತುಂಡಿನ ಜೊತೆಗೇ ರೋಗವೂ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಹೀಗಾಗಿ ರೋಗ ತಡೆಯಬಲ್ಲ ಹೊಸ ತಳಿಯ ಹುಡುಕಾಟ ಕೊನೆಗೆ ಬಂದು ನಿಲ್ಲುವುದು ಕತ್ತಿಯ ಮುಂದೆಯೇ. ಸುಗ್ಗಿಯಲ್ಲಿ ಹೋಳಿನಕ್ಕ ದಿನಕ್ಕೆ ನಾನೂರು ಗೆಡ್ಡೆ ಸೀಳುತ್ತಾರೆ. ಬಲಗೈಯ ತೋರುಬೆರಳು ಈಗ ನೆಟ್ಟಗಾಗುವುದಿಲ್ಲ.

"ಮನೇಲಿ ಬೇಯ್ಸೋಕೆ ಗೆಣಸು ತಂದ್ರೂ ಮೊದ್ಲು ಶವಪರೀಕ್ಷೆ ಮಾಡ್ತಾಳೆ ಅಂತ ನಮ್ಮೆಜಮಾನ್ರು ಆಡ್ಕೋತಾರೆ," ಎಂದು ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ. "ಚಿಕ್ಕವಳಿದ್ದಾಗ ನಮ್ಮ ಹೊಲದಲ್ಲೂ ಎಲೆ ಹಸಿರಾಗಿತ್ತು. ಅಷ್ಟಕ್ಕೇ ನಂಬಿ ಕೂತ್ವಿ. ಅಗೆದು ನೋಡಿದ್ರೆ ಬಾಯಿಗಿಡೋ ಹಾಗಿದ್ದ ಗೆಡ್ಡೆ ಒಂದೂ ಇಲ್ಲ. ಆ ವರ್ಷ ತಮ್ಮ ಉಳೀಲಿಲ್ಲ." ಕತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸುತ್ತಾರೆ.

ಕೇಂದ್ರದ ಹೊಲದಲ್ಲಿ ಸಾಲಿಗೊಂದು ಹೊಸ ತಳಿ. ಇಂದು ಹದಿನೇಳನೇ ಸಾಲಿನ ಸರದಿ. ಎರಡು ವರ್ಷ ಒಂದು ಕಲೆಯೂ ಕಾಣದ ಸಾಲು ಇದೊಂದೇ. ಈ ವರ್ಷವೂ ಗೆದ್ದರೆ ಇದರ ಕಾಂಡಗಳು ಸುತ್ತಲಿನ ರೈತರಿಗೆ ಸಿಗುತ್ತವೆ. ಸುದ್ದಿ ತಿಳಿದ ಹೋಳಿನಕ್ಕನ ತಂಗಿ ಖಾಲಿ ಚೀಲ ಹಿಡಿದು ಆಗಲೇ ಗೇಟಿನ ಬಳಿ ನಿಂತಿದ್ದಾಳೆ. ಅವಳ ಹೊಲದ ಬೆಳೆ ಈ ಸಲ ಪೂರ್ತಿ ಕೊಳೆತಿದೆ. ಮೂರು ಮಕ್ಕಳ ಮನೆಯಲ್ಲಿ ಒಲೆ ಹೊತ್ತುವುದು ದಿನಕ್ಕೊಮ್ಮೆ.

"ಒಂದು. ಒಂದು. ಒಂದು." ಸಹಾಯಕಿಯ ಮುಖ ಅರಳುತ್ತದೆ. ಕೊನೆಯ ಗೆಡ್ಡೆಯ ನಡುವಿನ ಬಿಲ್ಲೆಯನ್ನು ಹೋಳಿನಕ್ಕ ಬೆಳಕಿಗೆ ಹಿಡಿಯುತ್ತಾರೆ. ಕೂದಲೆಳೆಯಷ್ಟು ಕಂದು ಗೆರೆ. "ಎರಡು."

"ಅಯ್ಯೋ, ಒಂದೇ ಗೆರೆ ಅಲ್ವೇನಕ್ಕ?"

"ನಮ್ಮ ಹೊಲದಲ್ಲೂ ಒಂದು ಗೆರೆಯಿಂದ್ಲೇ ಶುರುವಾಗಿದ್ದು. ಬರಿ."

ಕೇಂದ್ರದ ವಿಜ್ಞಾನಿ ಬಂದು ಬಿಲ್ಲೆಯನ್ನು ನೋಡುತ್ತಾರೆ, ಪಟ್ಟಿಯಲ್ಲಿ ಹದಿನೇಳನೇ ಸಾಲನ್ನು ಹೊಡೆದುಹಾಕುತ್ತಾರೆ. ಹದಿನೇಳನೇ ಸಾಲಿನ ಕಾಂಡಗಳ ಕಟ್ಟನ್ನು ಹೋಳಿನಕ್ಕನೇ ಹೊತ್ತು ಗೇಟಿನ ಪಕ್ಕದ ಸುಡುವ ಗುಂಡಿಗೆ ಹಾಕುತ್ತಾರೆ.

"ಇಷ್ಟು ಹಸಿರಾಗಿರೋದನ್ನ ಸುಡ್ತೀಯಲ್ಲೇ!" ತಂಗಿ ಸರಳು ಹಿಡಿದು ಕೂಗುತ್ತಾಳೆ. "ಮಕ್ಕಳ ಮುಖ ನೋಡಿಯಾದ್ರೂ ನಾಲ್ಕು ಕಡ್ಡಿ ಕೊಡೇ."

"ಮಕ್ಕಳ ಮುಖ ನೋಡೇ ಕೊಡ್ತಿಲ್ಲ ಕಣೇ."

"ನೀನೇನು ಅಕ್ಕನಾ, ಕಾವಲುನಾಯಿನಾ?"

ತಂಗಿ ಚೀಲ ಮಡಚಿಕೊಂಡು ಹೊರಟುಹೋಗುತ್ತಾಳೆ. ಹಸಿ ಕಾಂಡ ಬೇಗ ಹೊತ್ತಿಕೊಳ್ಳುವುದಿಲ್ಲ, ಹೊಗೆಯೇ ಹೆಚ್ಚು. ಹೋಳಿನಕ್ಕ ಕಣ್ಣೊರೆಸಿಕೊಂಡು ಹಲಗೆಯ ಮುಂದೆ ಬಂದು ಕೂರುತ್ತಾರೆ.

"ಕಾವಲುನಾಯಿ ಅಂದ್ಲು, ಅನ್ಲಿ. ಕೊಳೆ ಹತ್ತಿದ ಒಂದು ಕಡ್ಡಿನೂ ನನ್ನ ಕೈಯಿಂದ ಆಚೆ ಹೋಗಿಲ್ಲ." ಮುಂದಿನ ಗೆಡ್ಡೆಯನ್ನು ಹಲಗೆಯ ಮೇಲಿಡುತ್ತಾ ಮೆಲ್ಲಗೆ ಹೇಳುತ್ತಾರೆ: "ಒಂದು ದಿನ ಒಂದು, ಒಂದು ಅಂತ ಕೂಗೀ ಕೂಗೀ ನಂಗೇ ಬೇಜಾರಾಗ್ಬೇಕು. ಅವತ್ತು ಮೊದಲ್ನೇ ಹೊರೆ ನಾನೇ ಹೊತ್ಕೊಂಡ್ಹೋಗಿ ಅವಳ ಹೊಲದಲ್ಲಿ ಇಳಿಸ್ತೀನಿ."

ಹದಿನೆಂಟನೇ ಸಾಲಿನ ಮೊದಲ ಗೆಡ್ಡೆಯ ಮೇಲೆ ಕತ್ತಿ ಇಳಿಯುತ್ತದೆ.

"ನಾಲ್ಕು."