ಕಂಪ್ಯೂಟರಿಗೆ ಹೊದಿಸಿದ ಟವೆಲ್

ಕಂಪ್ಲಿಯ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಹೊಸ ಸಾಫ್ಟ್‌ವೇರ್ ಹಾಕಲು ಹೋಗಿದ್ದೆ. ಕೌಂಟರಿನ ಶಾಂತಕ್ಕ ರಕ್ತ ತೆಗೆಯಲು ಒಳಗೆ ಹೋಗುವಾಗಲೆಲ್ಲ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸುತ್ತಿದ್ದರು, ಲಾಕ್ ಮಾಡುತ್ತಿರಲಿಲ್ಲ. ಹೇಳಲೋ ಬೇಡವೋ ಎಂದು ಅರ್ಧ ಗಂಟೆ ಯೋಚಿಸಿ, ಕೊನೆಗೆ ಹೇಳಿದೆ.

"ಯಾಕವಾ? ಬಸ್ಸಿನ್ಯಾಗ ಟವೆಲ್ ಹಾಕಿದ ಸೀಟಿಗೆ ಯಾರರ ಕುಂದರ್ತಾರೇನು?" ಎಂದು ಕೇಳಿ ಅವರು ಒಳಗೆ ಹೋದರು.

ಆಗ, ಶುಗರ್ ರಿಪೋರ್ಟಿಗೆ ಕಾಯುತ್ತಿದ್ದ ಮೆಟ್ರಿ ಗ್ರಾಮದ ಹಿರಿಯರೊಬ್ಬರು ಎದ್ದು ಬಂದು, ತಮ್ಮದು ಬಂದಿದೆಯೇ ನೋಡಲು ಟವೆಲ್ ಎತ್ತಿದರು. ಪರದೆಯ ಮೇಲಿದ್ದದ್ದು ಒಬ್ಬ ಹುಡುಗಿಯ ಗರ್ಭಪರೀಕ್ಷೆಯ ರಿಪೋರ್ಟು, ಮೇಲೆ ದಪ್ಪ ಅಕ್ಷರದಲ್ಲಿ ಅವಳ ಹೆಸರು. ಅವರು ಅದನ್ನು ಓದಿದರೆ ಸಂಜೆಯೊಳಗೆ ಊರೆಲ್ಲ ಸುದ್ದಿ. ನಾನು ಮತ್ತೆ ಹೇಳಲೋ ಬೇಡವೋ ಎಂದು ಯೋಚಿಸತೊಡಗಿದೆ.

"ಇದು ನಮ್ಮೂರ ಹುಡುಗೀದಲ್ಲೇನು?" ಎನ್ನುತ್ತ ಅವರು ಜೇಬಿನಲ್ಲಿ ಕನ್ನಡಕ ಹುಡುಕುವಷ್ಟರಲ್ಲಿ ದನಿ ಕೇಳಿ ಶಾಂತಕ್ಕ ಒಳಗಿನಿಂದ ಓಡಿ ಬಂದು ಪರದೆಗೆ ಅಂಗೈ ಅಡ್ಡ ಹಿಡಿದರು.

"ಆ ಹೆಸರಿನವರು ಭಾಳ ಮಂದಿ ಅದಾರ್ರಿ ಕಾಕಾ. ಕುಂದ್ರಿ, ನಿಮ್ಮದು ಬಂದ ಕೂಡ್ಲೆ ಕರೀತೀನಿ."

ಅವರು ಹೋಗಿ ಕುಳಿತರು. ಶಾಂತಕ್ಕ ಅಂಗೈ ತೆಗೆಯದೆ ನನ್ನ ಕಡೆ ತಿರುಗಿದರು. "ಜಲ್ದಿ ಅದೇನೋ ಲಾಕ್ ಅಂದ್ಯಲ್ಲ, ಹಾಕವಾ" ಎಂದರು.

ಒಂದು ನಿಮಿಷ ಮುಟ್ಟದಿದ್ದರೆ ಲಾಕ್, ಹತ್ತು ನಿಮಿಷವಾದರೆ ತಾನಾಗಿ ಲಾಗೌಟ್ ಆಗುವಂತೆ ಮಾಡಿ, ನೆಮ್ಮದಿಯಿಂದ ಚಹಾ ಕುಡಿಯಲು ಹೊರಗೆ ಹೋದೆ.

ವಾಪಸ್ ಬಂದಾಗ ನನ್ನ ಲ್ಯಾಪ್‌ಟಾಪಿನ ಮೇಲೆ ಅದೇ ಟವೆಲ್ ಇತ್ತು.

"ತೆರದು ಬಿಟ್ಟು ಹೋಗಿದ್ಯಲ್ಲವಾ" ಎಂದರು ಶಾಂತಕ್ಕ, ತಲೆ ಎತ್ತದೆ.

ಹೊಸ ಸಾಫ್ಟ್‌ವೇರಿಗೆ ಸೇರಿಸಲು ಕಾಪಿ ಮಾಡಿಕೊಂಡಿದ್ದ ಲ್ಯಾಬಿನ ಅಷ್ಟೂ ರಿಪೋರ್ಟುಗಳು ಅದರಲ್ಲಿ ತೆರೆದೇ ಇದ್ದವು. ಟವೆಲ್ ಮಡಚಿ ಕೊಟ್ಟೆ. ಥ್ಯಾಂಕ್ಸ್ ಹೇಳಲು ಮತ್ತೆ ಅರ್ಧ ಗಂಟೆ ಹಿಡಿಯಿತು.