ಬ್ರೇಕ್ ಅಕ್ಕ ಕೆಟ್ಟಿದೆ ಅಂದ ಬಿಯರ್

ಅದಕ್ಕೇ ಹೇಳಿದ್ದು, ಭಾನುವಾರ ಮಧ್ಯಾಹ್ನ ಆ ಹಲ್ಲಿನ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವವರೆಲ್ಲ ಹಲ್ಲುನೋವಿನವರಲ್ಲ ಅಂತ. ಬಾಟಲಿಗಳು ಒಂದಕ್ಕೊಂದು ತಾಗಿ ಟಿಣ್ ಅನ್ನದಿರಲಿ ಅಂತ ಹಳೆಯ ಟವೆಲ್ ಸುತ್ತಿ, ಕೈಗೂಸನ್ನು ಎತ್ತಿಕೊಂಡ ಹಾಗೆ ಚೀಲವನ್ನು ಎದೆಗೆ ಅವಚಿಕೊಂಡು ಬರುತ್ತಾರಲ್ಲ, ಅವರು ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿಸಿಕೊಂಡವರು. ತಾವು ಮಾಡಿದ್ದನ್ನು ಇನ್ನೊಬ್ಬರಿಗೆ ಕುಡಿಸಿ, ಅವರದ್ದನ್ನು ತಾವು ಕುಡಿಯದಿದ್ದರೆ ಇವರಿಗೆ ತಿಂಗಳು ಮುಗಿಯುವುದಿಲ್ಲ.

ಮೊದಲು ಇವರು ಸೇರುತ್ತಿದ್ದದ್ದು ಗುಂಪಿನವರೇ ಆದ ಬಣ್ಣದಂಗಡಿಯವರ ಗೋಡೌನಿನಲ್ಲಿ. ಅಲ್ಲಿ ಯಾರ ಬಾಟಲಿ ತೆಗೆದರೂ ಟರ್ಪೆಂಟೈನ್ ಕುಡಿದಂತೆಯೇ ಇರುತ್ತಿತ್ತು. ಕೊನೆಗೆ ಹಲ್ಲಿನ ಡಾಕ್ಟರೇ ರೋಸಿಹೋಗಿ ತಮ್ಮ ಕ್ಲಿನಿಕ್ಕಿನ ಬೀಗ ತೆಗೆದರು. ಹುಳುಕು ಹಲ್ಲಿನ ದೊಡ್ಡ ದೊಡ್ಡ ಚಿತ್ರಗಳ ಕೆಳಗೆ ರೋಗಿಗಳು ಕಾಯುವ ಕುರ್ಚಿಗಳು, ಒಳಗಿನ ಕೋಣೆಯಲ್ಲಿ ಉಗುಳುವ ಬೇಸಿನ್ನು. ರುಚಿ ನೋಡುವವರಿಗೆ ಇನ್ನೇನು ಬೇಕು ಹೇಳಿ?

ಈ ಗುಂಪಿಗೆ ಬ್ರೇಕ್ ಅಕ್ಕ ಅಂದರೆ ಹೈಕೋರ್ಟು. ಅಕ್ಕನ ಕೆಲಸ ಕಾರು ಕಲಿಸುವುದು. ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಒತ್ತಿ ಒತ್ತಿ ಅವರ ಬಲಗಾಲಿಗೆ ಎಂಥಾ ಅಭ್ಯಾಸವಾಗಿದೆಯೆಂದರೆ ಬಸ್ಸಿನಲ್ಲಿ ಕೂತಾಗಲೂ ಎದುರಿಗೆ ಯಾರಾದರೂ ಅಡ್ಡ ಬಂದರೆ ನೆಲ ತುಳಿಯುತ್ತಾರೆ. "ನಿದ್ದೇಲೂ ನನ್ನ ಕಾಲೇ ತುಳೀತಾಳೆ ಇವಳು" ಅಂತ ಗಂಡನ ದೂರು. ಗಂಡ ಜೆರಾಕ್ಸ್ ಮಷಿನ್ ರಿಪೇರಿ ಮಾಡುವವರು. ಬೆರಳ ತುಂಬ ಕಪ್ಪು ಪುಡಿ, ಬಾಯಿ ತುಂಬ ತಮಾಷೆ.

ಗುಂಪಿನ ಪದ್ಧತಿ ಸ್ವಲ್ಪ ವಿಚಿತ್ರ. ಬಾಟಲಿಯ ಮೇಲೆ ಹೆಸರು ಬರೆಯುವ ಹಾಗಿಲ್ಲ, ಮುಚ್ಚಳದ ಮೇಲೆ ಒಂದು ಬಣ್ಣದ ಚುಕ್ಕೆ ಅಷ್ಟೆ. ಲೋಟ ಖಾಲಿಯಾಗುವ ತನಕ ಮಾಡಿದವರು ತುಟಿ ಪಿಟಕ್ಕೆನ್ನಬಾರದು. ರುಚಿ ನೋಡಿದವರು ಮೊದಲು ಒಂದು ಕುಂದು ಹೇಳಬೇಕು, ಹೊಗಳುವುದೇನಿದ್ದರೂ ಆಮೇಲೆ. ಈ ನಿಯಮ ಸುಮ್ಮನೆ ಬಂದದ್ದಲ್ಲ. ಹಿಂದೆ ಎಲ್ಲರೂ ಎಲ್ಲರಿಗೂ "ಚೆನ್ನಾಗಿದೆ, ಚೆನ್ನಾಗಿದೆ" ಅಂತ ಹೇಳಿ ಹೇಳಿಯೇ ಬಣ್ಣದಂಗಡಿಯವರು ಬಿಯರ್ ಅಂದುಕೊಂಡು ವರ್ಷವಿಡೀ ವಿನೆಗರ್ ಮಾಡಿಕೊಂಡು ಕೂತಿದ್ದರು, ಪಾಪ. ಇನ್ನೊಂದು ರಿಯಾಯಿತಿಯೂ ಉಂಟು: ಬೈಸಿಕೊಂಡ ಬಾಟಲಿ ತನ್ನದು ಅಂತ ಯಾರೂ ಒಪ್ಪಿಕೊಳ್ಳಬೇಕಾಗಿಲ್ಲ. ಸುಮ್ಮನೆ ಎದ್ದು ಮನೆಗೆ ಹೋಗಬಹುದು.

ಅಕ್ಕನ ಮೂಗು ಆ ಕೋಣೆಯಲ್ಲಿ ಹೆಸರುವಾಸಿ. ಲೋಟ ಮೂಗಿನ ಹತ್ತಿರ ತಂದು ಒಂದು ಸಲ ಎಳೆದುಕೊಂಡರೆ ಸಾಕು, "ಬಾರ್ಲಿ ಮಾಲ್ಟ್ ಜಾಸ್ತಿ ಹುರಿದುಬಿಟ್ಟಿದ್ದೀರ" ಅನ್ನುತ್ತಿದ್ದರು. "ಕಹಿಗೆ ಹಾಕೋ ಹೂವು ಹಳೇದು. ಪೊಟ್ಟಣ ಬಿಚ್ಚಿ ಗಾಳಿಗೆ ಇಟ್ಟಿದ್ರಿ, ಅಲ್ವಾ?" ಅನ್ನುತ್ತಿದ್ದರು. ಕೇಳಿಸಿಕೊಂಡವರು ಕಳ್ಳರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಈ ಮೂಗು ಹೋದದ್ದು ಒಂದು ಜ್ವರದಲ್ಲಿ. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅಕ್ಕ ಒಲೆಯ ಪಕ್ಕದಲ್ಲೇ ಕೂತು ಫೋನು ನೋಡುತ್ತಿದ್ದಾರೆ, ಗಂಡ ಬಚ್ಚಲಿನಿಂದ ಮುಖದ ಸೋಪು ಸಮೇತ ಓಡಿಬಂದರು.

"ಏನೇ, ಹಾಲು ಸೀದು ಮನೆಯೆಲ್ಲ ವಾಸನೆ, ಇಲ್ಲೇ ಕೂತಿದ್ದೀಯಲ್ಲ!"

ಅಕ್ಕನಿಗೆ ವಾಸನೆ ಒಂಚೂರೂ ಬಂದಿರಲಿಲ್ಲ. ಪಾತ್ರೆಯ ತಳ ಇದ್ದಿಲಾಗಿತ್ತು. ಆವತ್ತು ಅವರು ಸೋಪು ಮೂಸಿದರು, ಈರುಳ್ಳಿ ಮೂಸಿದರು, ಗಂಡನ ಅಂಗಿ ಮೂಸಿದರು. ಗೋಡೆ ಮೂಸಿದಂತಿತ್ತು. ಕಿವಿ ಮೂಗು ಗಂಟಲಿನ ಡಾಕ್ಟರು "ಬರಬಹುದು, ಬರದೇನೂ ಇರಬಹುದು" ಅಂದರು. ಅಷ್ಟಕ್ಕೆ ಡಾಕ್ಟರೇ ಬೇಕಾಗಿತ್ತಾ ಅಂತ ಗಂಡ ಗೊಣಗಿದರು.

ಗುಂಪಿಗೆ ಹೇಳಬಹುದಿತ್ತು. ಹೇಳಲಿಲ್ಲ. ಬಾಡಿಗೆ ಮನೆಯ ಬಚ್ಚಲಿನ ಮೂಲೆಯಲ್ಲಿ ಬಿಯರಿನ ಡ್ರಮ್ಮು ಇಟ್ಟುಕೊಂಡು, ಅದರ ಕೊಳವೆ ಗುಳುಗುಳು ಅನ್ನುವುದನ್ನು ಕೇಳುತ್ತ ಮಲಗುವ ಹೆಂಗಸು ಅವರು. ವಾರವಿಡೀ ಕಾರಿನಲ್ಲಿ "ಕ್ಲಚ್ ಬಿಡಿ, ನಿಧಾನಕ್ಕೆ, ನಿಧಾನಕ್ಕೆ ಅಂದೆ" ಅಂತ ಗಂಟಲು ಹರಿದುಕೊಂಡು, ಭಾನುವಾರ ಒಂದು ದಿನ ಯಾರೋ ತಮ್ಮ ಮಾತಿಗಾಗಿ ಉಸಿರು ಬಿಗಿಹಿಡಿದು ಕಾಯುತ್ತಾರೆ ಅನ್ನುವುದು ಅವರಿಗೆ ಎಷ್ಟು ಬೇಕಾಗಿತ್ತು ಅಂತ ಅವರಿಗೂ ಮುಂಚೆ ಗೊತ್ತಿರಲಿಲ್ಲ. ಮೂಗಿಲ್ಲ ಅಂದುಬಿಟ್ಟರೆ ಆ ಕುರ್ಚಿಯಲ್ಲಿ ಕೂರುವುದಾದರೂ ಯಾಕೆ?

ಹಾಗಾಗಿ ನಡೆಸಿಕೊಂಡು ಬಂದರು. ಇನ್ನೊಬ್ಬರು ಕುಡಿಯುವಾಗ ಮುಖ ನೋಡುವುದು, ಹುಬ್ಬು ಗಂಟಿಕ್ಕಿದರೆ ಕುಂದು ಹುಡುಕುವುದು, ನೊರೆ ನಿಂತರೆ ಹೊಗಳುವುದು. ನಾಲಿಗೆ ಇತ್ತಲ್ಲ, ಕಹಿ ಹುಳಿ ಸಿಹಿ ಅದು ಹೇಳುತ್ತಿತ್ತು. ಉಳಿದದ್ದಕ್ಕೆ ಹಳೆಯ ಮಾತುಗಳ ದಾಸ್ತಾನು. ಗಂಡ ಒಬ್ಬರಿಗೆ ಗೊತ್ತು. "ನಿನ್ನ ಹೈಕೋರ್ಟು ಇನ್ನೆಷ್ಟು ದಿನವೋ" ಅನ್ನುತ್ತಿದ್ದರು, ಅಷ್ಟೆ.

ಎಡವಟ್ಟಾದ ದಿನ ಚೀಟಿ ಎತ್ತಿದಾಗ ಮೊದಲು ಮಾತಾಡುವ ಸರದಿ ಅಕ್ಕನಿಗೇ ಬಂತು. ನೀಲಿ ಚುಕ್ಕೆಯ ಬಾಟಲಿ, ಕಪ್ಪು ಬಿಯರ್. ನೋಡಿಕೊಳ್ಳಲು ಯಾರ ಮುಖವೂ ಇಲ್ಲ, ಎಲ್ಲರೂ ಅಕ್ಕನ ಮುಖವನ್ನೇ ನೋಡುತ್ತಿದ್ದಾರೆ. ಬಾಟಲಿಯ ಕತ್ತಿನ ಒಳಗೆ ತೆಳ್ಳಗೆ ಒಂದು ಬಿಳಿ ಉಂಗುರ ಕಂಡಿತು. ಯೀಸ್ಟು ಅಂಟಿಕೊಂಡರೂ ಹಾಗಾಗುತ್ತದೆ, ಬಿಯರ್ ಕೆಟ್ಟರೂ ಹಾಗಾಗುತ್ತದೆ. ಯಾವುದು ಅಂತ ಹೇಳಬೇಕಾದದ್ದು ಮೂಗು. ಅಕ್ಕ ಲೋಟ ಎತ್ತಿ ಎಳೆದುಕೊಂಡರು, ಒಂದು ಗುಟುಕು ಕುಡಿದರು, ಕೆಳಗಿಟ್ಟರು.

"ಇದಕ್ಕೆ ಸೋಂಕು ತಗುಲಿದೆ" ಅಂದರು. "ಒಣಗದೇ ಇರೋ ಬಟ್ಟೆ ವಾಸನೆ. ಕತ್ತು ನೋಡಿ, ಬೇಕಿದ್ರೆ."

ತಮಾಷೆ ಏನೆಂದರೆ ಆಮೇಲೆ ಎಲ್ಲರಿಗೂ ಅದೇ ವಾಸನೆ ಬಂತು!

"ಹೌದ್ರೀ, ಒದ್ದೆ ಬಟ್ಟೆನೇ. ಮಳೆಗಾಲದ ಕಾಲುಚೀಲ" ಅಂದರು ಬಣ್ಣದಂಗಡಿಯವರು.

"ನನಗೂ ಸ್ವಲ್ಪ ಬಂತು" ಅಂದರು ಹಲ್ಲಿನ ಡಾಕ್ಟರು.

ವೆಲ್ಡಿಂಗ್ ಶಾಪಿನ ಹುಡುಗನ ಕಿವಿ ಮಾತ್ರ ಕೆಂಪಗಾಯಿತು. ಹುಡುಗ ಅಂದರೆ ಎರಡು ಮಕ್ಕಳ ಅಪ್ಪ, ಗುಂಪಿಗೆ ಹೊಸಬ ಅಂತ ಹಾಗೆ ಕರೆಯುವುದು. ಅವನಿಗೆ ಕಾರು ಕಲಿಸಿದ್ದೂ ಅಕ್ಕನೇ. ಸ್ವಲ್ಪ ಹೊತ್ತಿಗೆ, ಮನೆಯಲ್ಲಿ ಕೆಲಸ ಇದೆ ಅಂತ ಎದ್ದು ಹೋದ. ಕೆಂಪು ಕಿವಿ ಅಕ್ಕನಿಗೆ ಕಂಡಿತ್ತು. ಕಂಡೂ ಮುಂದಿನ ಬಾಟಲಿಗೆ ಲೋಟ ಚಾಚಿದರು.

ಪ್ರತಿಯೊಬ್ಬರೂ ಒಂದು ಬಾಟಲಿ ಹೆಚ್ಚಿಗೆ ತರುವುದು, ಅದು ಕೋಣೆ ಕೊಟ್ಟ ಡಾಕ್ಟರ ಫ್ರಿಜ್ಜಿಗೆ ಸೇರುವುದು ಅಲ್ಲಿನ ರೂಢಿ. ವಾರದ ನಡುವೆ ಒಂದು ಸಂಜೆ ಡಾಕ್ಟರ ಫೋನು ಬಂತು.

"ಅಕ್ಕಾ, ಆ ನೀಲಿ ಚುಕ್ಕೆದು ಇತ್ತಲ್ಲ, ಚೆಲ್ಲೋಣ ಅಂತ ತೆಗೆದೆ. ಸಿಂಕ್ ಮುಂದೆ ನಿಂತು ಒಂದು ಗುಟುಕು ನೋಡ್ತೀನಿ, ಎಷ್ಟು ಚೆನ್ನಾಗಿದೆ ಅಂತೀರಿ! ಪೂರ್ತಿ ಕುಡಿದುಬಿಟ್ಟೆ. ಒದ್ದೆ ಬಟ್ಟೆನೂ ಇಲ್ಲ, ಕಾಲುಚೀಲನೂ ಇಲ್ಲ. ಆವತ್ತು ನಮಗೆಲ್ಲ ಏನಾಗಿತ್ತು?"

"ಒಂದೊಂದು ಬಾಟಲಿ ಒಂದೊಂದು ಥರ ಇರತ್ತೆ, ಡಾಕ್ಟ್ರೇ" ಅಂದರು ಅಕ್ಕ. ಫೋನಿಟ್ಟ ಮೇಲೆ ಮಾಡಿದ ಅಡುಗೆ ಹಾಗೇ ಮುಚ್ಚಿಟ್ಟರು.

ಮರುದಿನ ಬೆಳಿಗ್ಗೆ ಮೊದಲ ಕ್ಲಾಸಿಗೂ ಮುಂಚೆ ವೆಲ್ಡಿಂಗ್ ಶಾಪಿನ ಮುಂದೆ ಇಳಿದರು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದರು: ನೋಡಪ್ಪ, ನನ್ನ ಅಂದಾಜು ಸ್ವಲ್ಪ ತಪ್ಪಾಯ್ತು, ಬಿಯರ್ ಚೆನ್ನಾಗಿದೆಯಂತೆ. ಅಷ್ಟು ಹೇಳಿದರೆ ಸಾಕಲ್ಲ. ಮೂಗಿನ ಮಾತು ಎತ್ತಬೇಕಾಗಿಯೇ ಇರಲಿಲ್ಲ.

ಶಾಪಿನ ಮುಂದೆ ಖಾಲಿ ಬಾಟಲಿಗಳು ತಲೆಕೆಳಗಾಗಿ ಕ್ರೇಟಿನಲ್ಲಿ ಕೂತಿದ್ದವು. ಚರಂಡಿಯ ಅಂಚಿನಲ್ಲಿ ಕಂದು ನೊರೆ ಒಣಗಿ ಅಂಟಿಕೊಂಡಿತ್ತು.

"ಏನೋ ಇದು?"

"ಚೆಲ್ಲಿದೆ, ಅಕ್ಕ. ಎಲ್ಲಾ. ಕೆಟ್ಟಿದೆ ಅಂದ್ರಲ್ಲ."

"ನೀನು ಒಂದ್ಸಲ ಕುಡಿದು ನೋಡಬಾರದಾ?"

"ನೋಡಿದೆ. ನನಗೆ ಚೆನ್ನಾಗೇ ಅನ್ನಿಸ್ತು. ಆದ್ರೆ ನೀವು ಬ್ರೇಕ್ ಒತ್ತಿದ ಮೇಲೆ ನಾನು ಆಕ್ಸಿಲರೇಟರ್ ಒತ್ತೋದಾ? ನನ್ನ ನಾಲಿಗೇನೇ ಸರಿ ಇಲ್ಲ ಅಂದುಕೊಂಡೆ." ಅವನು ನಗಲು ನೋಡಿದ. "ಹೋಗ್ಲಿ ಬಿಡಿ, ಇದೆಲ್ಲ ನನ್ನ ಕೈಲಾಗೋದಲ್ಲ. ಆ ಹಂಡೆ ಕತ್ತರಿಸಿ ಒಲೆ ಮಾಡೋಣ ಅಂತಿದ್ದೀನಿ. ಯಾರೋ ಕೇಳಿದಾರೆ."

ಹಂಡೆ ನೆಲದ ಮೇಲೆ ಅಡ್ಡ ಮಲಗಿತ್ತು. ದೊಡ್ಡ ಸ್ಟೀಲಿನ ಹಂಡೆ, ಕೆಳಗೆ ನಲ್ಲಿ, ಬಿಯರ್ ತಣಿಸಲು ಒಳಗೆ ತಾಮ್ರದ ಸುರುಳಿ, ಎಲ್ಲವೂ ಅವನೇ ಕೂತು ಬೆಸೆದದ್ದು. ಅದರ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಾಗಿತ್ತು. ಅವನು ಕನ್ನಡಕ ಹಾಕಿಕೊಂಡು ಕಟಿಂಗ್ ಮಷಿನ್ ಕೈಗೆ ತೆಗೆದುಕೊಂಡ. ಅಕ್ಕನ ಬಲಗಾಲು ತನ್ನಷ್ಟಕ್ಕೇ ನೆಲ ತುಳಿಯಿತು.

"ನಿಲ್ಸು! ನನಗೆ ಮೂಗಿಲ್ಲ ಕಣೋ."

"ಏನಿಲ್ಲ?"

"ವಾಸನೆ ಗೊತ್ತಾಗಲ್ಲ. ಆ ಜ್ವರ ಬಂದಿತ್ತಲ್ಲ, ಆವಾಗಿಂದ. ಒದ್ದೆ ಬಟ್ಟೆ ಅಂದಿದ್ದು ಸುಳ್ಳು. ಉಂಗುರ ನೋಡಿ ಬಾಯಿಗೆ ಬಂದಿದ್ದು ಹೇಳಿದೆ."

ಅವನು ನಂಬಲಿಲ್ಲ. ಗ್ರೀಸು ಒರೆಸುವ ಬಟ್ಟೆ ತಂದು ಮೂಗಿಗೆ ಹಿಡಿದ. ಅಕ್ಕ ತಲೆಯಾಡಿಸಿದರು. ಥಿನ್ನರ್ ಡಬ್ಬಿ ತೆಗೆದ. ಅದರ ಘಾಟಿಗೆ ಕಣ್ಣಲ್ಲಿ ನೀರು ಬಂತು, ವಾಸನೆ ಇಲ್ಲ. ಪಕ್ಕದಲ್ಲಿ ಬಿಚ್ಚಿಟ್ಟಿದ್ದ ತನ್ನ ಬೂಟನ್ನೇ ಎತ್ತಿದ.

"ಇದೂ ಇಲ್ವಾ?"

"ಇಲ್ಲ."

"ನನ್ನ ಹೆಂಡತಿ ಇದನ್ನ ಮನೆಯೊಳಗೇ ಬಿಟ್ಟುಕೊಳ್ಳಲ್ಲ, ಅಕ್ಕ!" ಅಂದವನು ಬೂಟು ಕೆಳಗಿಟ್ಟ. ಆಮೇಲೆ ಸಿಟ್ಟು ಬಂತು. ಬರಬೇಕಾದದ್ದೇ. "ಅಷ್ಟು ಜನರ ಮುಂದೆ ಯಾವ ಬಾಯಲ್ಲಿ ಹೇಳಿದ್ರಿ? ಗೊತ್ತಾಗ್ತಿಲ್ಲ ಅಂತ ಒಂದು ಮಾತು ಅನ್ನೋಕೆ ಏನಾಗಿತ್ತು? ಒಬ್ಬನೇ ಕೂತು ಎಲ್ಲಾ ಚೆಲ್ಲಿದೀನಿ ನಾನು. ಮಕ್ಕಳು ಅಪ್ಪ ಯಾಕೆ ಅಳ್ತಿದ್ದಾನೆ ಅಂತ ಅವರಮ್ಮನ್ನ ಕೇಳಿದ್ವಂತೆ."

ಅಕ್ಕ ತಪ್ಪಾಯ್ತು ಅಂದರು. ಅವನು ಪರವಾಗಿಲ್ಲ ಅನ್ನಲಿಲ್ಲ. ಮಷಿನ್ನಿನ ವಯರು ಸುತ್ತಿಟ್ಟು, ಹಂಡೆಯ ಮೇಲಿನ ಸೀಮೆಸುಣ್ಣವನ್ನು ತೋಳಿನಿಂದ ಒರೆಸಿದ.

"ಭಾನುವಾರ ಅಲ್ಲೇ ಹೇಳಿ. ನೀವೇ ಹೇಳಬೇಕು. ನಾನು ಹೇಳಲ್ಲ."

ಆ ಭಾನುವಾರ ಅಕ್ಕ ಲೋಟ ಮುಟ್ಟುವ ಮೊದಲೇ ಹೇಳಿಬಿಟ್ಟರು. ಕುಂದು ಮೊದಲು ಅನ್ನುವುದು ನಿಯಮವಲ್ಲವೇ, ಇದು ನನ್ನ ಕುಂದು ಅಂತ ಶುರುಮಾಡಿದರು. ನಗಿಸಲು ಅಂದದ್ದು, ಯಾರೂ ನಗಲಿಲ್ಲ. ಹುಳುಕು ಹಲ್ಲುಗಳು ಗೋಡೆಯಿಂದ ನೋಡುತ್ತಿದ್ದವು. ಮೊದಲು ಬಾಯಿ ಬಿಟ್ಟವರು ಬಣ್ಣದಂಗಡಿಯವರು.

"ಅಂದ್ರೆ, ನನಗೆ ಕಾಲುಚೀಲದ ವಾಸನೆ ಬಂದಿದ್ದು?"

"ಅದು ನಿಮ್ಮದೇ ಇರಬೇಕು" ಅಂದರು ಡಾಕ್ಟರು. ಆಮೇಲೆ ತಮ್ಮನ್ನೇ ನೆನೆದುಕೊಂಡು ತಲೆ ತಗ್ಗಿಸಿದರು. "ನನಗೂ ಬಂದಿತ್ತಲ್ಲ, ಥೂ."

ಬಣ್ಣದಂಗಡಿಯವರಿಗೆ ಮಾತ್ರ ಮುನಿಸು ಇಳಿಯಲಿಲ್ಲ. "ಮೂಗಿಲ್ಲದವರಿಗೆ ನನ್ನ ಬಾಟಲಿ ಯಾಕೆ ದಂಡ?" ಅಂತ ತಮ್ಮದನ್ನು ಅವತ್ತು ಟವೆಲ್ ಸುತ್ತಿ ವಾಪಸು ಒಯ್ದರು. ಅದು ಅಕ್ಕನಿಗೆ ನಾಟಿತು. ಮನೆಗೆ ಬಂದು ಗಂಡನ ಮುಂದೆ, ಇನ್ನು ಹೋಗುವುದಿಲ್ಲ ಅಂದರು.

"ಹೋಗಬೇಡ" ಅಂದರು ಗಂಡ. "ಬಚ್ಚಲಾದ್ರೂ ಖಾಲಿ ಆಗತ್ತೆ, ಕಾಲು ಚಾಚಿ ಸ್ನಾನ ಮಾಡ್ತೀನಿ. ಆದ್ರೆ ವೆಲ್ಡಿಂಗ್ ಹುಡುಗ ಫೋನ್ ಮಾಡಿದ್ದ. ನಾಳಿದ್ದು ಮತ್ತೆ ಬಿಯರಿಗೆ ಹಂಡೆ ಇಡ್ತಾನಂತೆ, ಬಾಟಲಿ ತೊಳೆಯೋಕೆ ಜನ ಬೇಕಂತೆ."

ಬಿಯರ್ ಮಾಡುವವರನ್ನು ಕೇಳಿ ನೋಡಿ, ಬಾಟಲಿ ತೊಳೆಯುವುದೆಂದರೆ ಎಲ್ಲರೂ ಮೈಗಳ್ಳರೇ. ಅಕ್ಕ ಹೋದರು. ಬ್ರಷ್ಷು ಹಾಕಿ ಒಂದೊಂದೇ ಉಜ್ಜಿದರು. ಅವನು ಹಂಡೆಗೆ ಸೌಟು ಹಾಕಿ ತಿರುಗಿಸುತ್ತ, ಇವರ ಕಡೆ ನೋಡದೆಯೇ, ಈಗ ರೊಟ್ಟಿ ಸುಟ್ಟ ವಾಸನೆ ಬರ್ತಿದೆ, ಈಗ ಹೂವು ಹಾಕಿದೆ, ಹಸಿ ಹುಲ್ಲಿನ ಥರ ಇದೆ ಅಂತ ಹೇಳುತ್ತಾ ಹೋದ. ಅಕ್ಕ ಕೇಳಿಸಿಕೊಂಡರು. ಅಕ್ಕನ ಕೈಗೆ ಒಂದು ಚಮಚ ಕೊಟ್ಟು, ಕಹಿ ಸಾಕಾ ಅಂತ ಕೇಳಿದ. ನಾಲಿಗೆ ಹೇಳುವಷ್ಟನ್ನು ಅಕ್ಕ ಹೇಳಿದರು. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ.

ಈಗ ಅಕ್ಕ ಚೀಟಿ ಎತ್ತುವುದಿಲ್ಲ. ಅವರದು ಯಾವಾಗಲೂ ಕೊನೆಯ ಸರದಿ. ಕಹಿ, ಹುಳಿ, ಗುಳ್ಳೆ ನಾಲಿಗೆಗೆ ಹೇಗೆ ಚುಚ್ಚುತ್ತದೆ, ಬಾಯಲ್ಲಿ ತೆಳುವೋ ದಪ್ಪವೋ, ಇಷ್ಟೇ ಅವರ ಇಲಾಖೆ. ಯಾರೂ ಉಸಿರು ಬಿಗಿಹಿಡಿದು ಕಾಯುವುದಿಲ್ಲ. ಎಷ್ಟೋ ಸಲ ಅವರ ಸರದಿ ಬರುವ ಹೊತ್ತಿಗೆ ಮಾತು ಬೇರೆ ಕಡೆ ಹೋಗಿರುತ್ತದೆ, ಅಕ್ಕ ಕಾಯುತ್ತಾರೆ. ಬಣ್ಣದಂಗಡಿಯವರು ಬಾಟಲಿ ತರುತ್ತಾರೆ, ಆದರೆ ಅಕ್ಕನ ಲೋಟಕ್ಕೆ ಬಗ್ಗಿಸುವಾಗ ಕೈ ಇನ್ನೂ ಸ್ವಲ್ಪ ಬಿಗಿ.

ನೀವು ಒಂದು ಭಾನುವಾರ ಬಿಡುವು ಮಾಡಿಕೊಂಡು ಹೋಗಿ, ನಿಜವಾಗ್ಲೂ ಹೋಗಿ. ಬಿಯರ್ ಮಾಡಲು ಬರದಿದ್ದರೂ ಚಿಂತೆಯಿಲ್ಲ, ಕುಡಿಯದವರಾದರೂ ಸರಿ, ಕುರ್ಚಿಗಳು ಬೇಕಾದಷ್ಟಿವೆ. ಮೆಟ್ಟಿಲ ಮೇಲೆ ಗಾಜಿನ ಬಾಗಿಲು ತಟ್ಟಿ. ಕಿಟಕಿಯ ಪಕ್ಕದ ಕೊನೆಯ ಕುರ್ಚಿಯಲ್ಲಿ ಕೂತಿರುತ್ತಾರೆ ಅಕ್ಕ. ಅವರ ಸರದಿ ಬರುವವರೆಗೆ ಎದ್ದು ಬರಬೇಡಿ. ಅವರು ಹೇಳುವುದನ್ನು ಕೇಳಿ, ಆಮೇಲೆ ನಿಮಗೆ ಏನನ್ನಿಸಿತು ಅಂತ ಅವರಿಗೂ ಹೇಳಿ, ಅದರಲ್ಲೂ ವಾಸನೆ ಹೇಗಿತ್ತು ಅನ್ನುವುದನ್ನು ಬಿಡಿಸಿ ಬಿಡಿಸಿ ಹೇಳಿ. ಅದನ್ನು ಕೇಳಲು ಅವರಿಗೆ ತುಂಬ ಇಷ್ಟ.