ಬಿಗಿ ಬೇರೆ, ನೋವು ಬೇರೆ

ಬಟ್ಟೆ ಕತ್ತರಿಸುವ ಮೇಜನ್ನು ಗೋಡೆಗೆ ಒತ್ತರಿಸಿ ಆ ಜಾಗಕ್ಕೆ ಮಂಚ ತಂದು ಹಾಕಿದ ದಿನವೇ ಆ ಕೋಣೆಯ ಕಳೆ ಹೋಯಿತು. ಹದಿನಾಲ್ಕು ವರ್ಷಗಳಲ್ಲಿ ಅಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತದ್ದು ಒಂದೇ ಸಲ, ಎರಡು ವರ್ಷದ ಹಿಂದೆ. ಈಗ ಮತ್ತೆ ನಿಂತಿತ್ತು. ಬೀದಿಯ ಹೆಂಗಸರು ಕಿಟಕಿಯ ಮುಂದೆ ಬಂದಾಗ ದನಿ ತಗ್ಗಿಸುತ್ತಿದ್ದರು. ಜೋರಾಗಿ ಮಾತಾಡಿಕೊಂಡು ಹೋಗಿದ್ದರೆ ಒಳಗೆ ಎಡಮಗ್ಗುಲಾಗಿ ಮಲಗಿದ್ದವಳು ಗಮನಿಸುತ್ತಲೂ ಇರಲಿಲ್ಲ. ತಗ್ಗಿದ ದನಿ ನೇರ ಎದೆಗೇ ಬಂದು ತಾಕುತ್ತಿತ್ತು.

ಅವಳಿಗೆ ಬೀದಿಯವರು ಇಟ್ಟ ಹೆಸರು ಕಾಲಿಂಚಮ್ಮ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಶಾಲೆಯ ಸಮವಸ್ತ್ರವಿರಲಿ, ಗಂಡಸರ ಅಂಗಿಯಿರಲಿ, ಕಾಲಿಂಚು ಆಚೀಚೆ ಆದರೆ ಪೂರ್ತಿ ಬಿಚ್ಚಿ ಮತ್ತೆ ಹೊಲಿಯುವ ಹೆಂಗಸು ಅವಳು. ಮಾತಿನಲ್ಲೂ ಅದೇ ಲೆಕ್ಕ. ಗಿರಾಕಿ ಹೊಸ ಅಂಗಿ ತೊಟ್ಟು ಕಂಕುಳಲ್ಲಿ ನೋಯುತ್ತೆ ಎಂದರೆ ಸಾಕು, ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದು ನಿಲ್ಲುತ್ತಿದ್ದಳು.

"ನೋಯ್ತಿದೆಯೋ, ಬಿಗಿಯಾಗ್ತಿದೆಯೋ, ಸರಿಯಾಗಿ ಹೇಳಿ. ಬಿಗಿ ಬೇರೆ, ನೋವು ಬೇರೆ. ಬಿಗಿಯಾದ್ರೆ ನಾನು ಬಿಚ್ಚಿ ಕೊಡ್ತೀನಿ. ನೋವಾದ್ರೆ ಡಾಕ್ಟರ ಹತ್ರ ಹೋಗಿ."

ಗಿರಾಕಿಗಳು ನಗುತ್ತಿದ್ದರು. ಅವಳು ನಗಿಸಲು ಹೇಳಿದ್ದಲ್ಲ. ಒಂದು ಮಾತಿನ ಜಾಗದಲ್ಲಿ ಇನ್ನೊಂದನ್ನು ತುರುಕುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಈ ಹಟವೇ ಅವಳ ಅಂಗಡಿಗೆ ಹೆಸರು ತಂದದ್ದು. ಅದೇ ಹಟ ಅವಳಿಂದ ಏನನ್ನು ಕಿತ್ತುಕೊಂಡಿತ್ತು ಎಂಬುದು ಮಾತ್ರ ಅವಳಿಗಿನ್ನೂ ತಿಳಿದಿರಲಿಲ್ಲ.

ಎರಡು ವರ್ಷದ ಹಿಂದೆ, ಮೊದಲ ಬಸಿರಿನ ಆರನೆಯ ತಿಂಗಳಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ ಕೊಡಬೇಕಾದ ಅರವತ್ತು ಜೊತೆ ಸಮವಸ್ತ್ರಗಳ ಮಧ್ಯೆ ಕುಳಿತಿದ್ದಾಗ ಅವಳ ಹೊಟ್ಟೆ ಗಟ್ಟಿಯಾಗಿ ಕಲ್ಲಿನಂತಾಗಿ ಮತ್ತೆ ಸಡಿಲವಾಗತೊಡಗಿತ್ತು. ಮನಸ್ಸು ತಡೆಯದೆ ಗಂಡನ ಜೊತೆ ದೊಡ್ಡಾಸ್ಪತ್ರೆಗೆ ಹೋಗಿದ್ದಳು. ಚೀಟಿ ಬರೆಯುವ ಕಿಟಕಿಯಲ್ಲಿ ಏನೋ ಕೇಳಿದರು, ಏನೋ ಹೇಳಿದಳು. ನೀರು ಕುಡಿದು ಮಲಗಿ ಎಂದು ಕಳಿಸಿಬಿಟ್ಟರು. ಮಾರನೆಯ ಮಧ್ಯಾಹ್ನ ಮಗು ಬಂತು. ಹೆಣ್ಣು. ಒಂದು ಗಂಟೆಯೂ ಇರಲಿಲ್ಲ.

ಯಂತ್ರ ತುಳಿದದ್ದರಿಂದಲೇ ಹೀಗಾಯಿತೆಂದು ಅವಳೇ ತೀರ್ಮಾನಿಸಿಕೊಂಡಳು. ಯಾರೂ ಅಲ್ಲವೆನ್ನಲಿಲ್ಲ. ಅಲ್ಲವೆನ್ನದಿರುವುದೂ ಒಂದು ಥರ ಹೌದೆಂದಂತೆಯೇ. ಅದಕ್ಕೇ ಈ ಸಲ ಬಸಿರು ನಿಂತದ್ದು ಗೊತ್ತಾದ ದಿನವೇ ಯಂತ್ರದ ಚಕ್ರದಿಂದ ಬೆಲ್ಟು ಕಳಚಿ ಮೊಳೆಗೆ ತೂಗುಹಾಕಿದಳು. ಮನೆಯಲ್ಲಿ ಮೂರೇ ಜನ. ಅವಳು, ಮನೆಮನೆಯ ನೀರಿನ ಮೀಟರು ಓದುವ ಗಂಡ, ಮತ್ತು ಅತ್ತೆ. ಮೂವರೂ ಮೂಲೆಯ ಆ ಯಂತ್ರವನ್ನು ಕಚ್ಚುವ ನಾಯಿಯನ್ನು ನೋಡಿದ ಹಾಗೆ ನೋಡುತ್ತಿದ್ದರು.

ಇಪ್ಪತ್ತೆಂಟನೆಯ ವಾರದ ತಪಾಸಣೆಯಲ್ಲಿ ಡಾಕ್ಟರಮ್ಮ ಹೊಟ್ಟೆಗೆ ಪಟ್ಟಿ ಕಟ್ಟಿ ಯಂತ್ರದ ಗೆರೆ ನೋಡಿದವರು ಮತ್ತೆ ಮತ್ತೆ ನೋಡಿದರು. ಗರ್ಭಕೋಶ ಹೊತ್ತಿಗೆ ಮುಂಚೆಯೇ ಕೆಲಸ ಶುರು ಮಾಡಿದೆ, ತಡೆಹಿಡಿಯಬೇಕು ಎಂದರು. ಆರು ಗಂಟೆಗೊಂದು ಮಾತ್ರೆ, ಬಚ್ಚಲಿಗೆ ಬಿಟ್ಟರೆ ಮಂಚ ಇಳಿಯುವಂತಿಲ್ಲ, ಮೂವತ್ತನಾಲ್ಕು ವಾರ ದಾಟಿಸಿದರೆ ಅರ್ಧ ಗೆದ್ದ ಹಾಗೆ. ಗಂಟೆಗೆ ನಾಲ್ಕಕ್ಕಿಂತ ಹೆಚ್ಚು ನೋವು ಬಂದರೆ ಒಂದು ನಿಮಿಷವೂ ಕಾಯದೆ ಬರಬೇಕು. ದಿನಾ ಹನ್ನೊಂದಕ್ಕೆ ಆಸ್ಪತ್ರೆಯಿಂದ ಫೋನು ಬರುತ್ತದೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಬೇಕು. ಸರಿಯಾಗಿ ಉತ್ತರ ಹೇಳು ಎಂದು ಕಾಲಿಂಚಮ್ಮನಿಗೆ ಯಾರಾದರೂ ಹೇಳಿಕೊಡಬೇಕೇ?

ಮಾತ್ರೆ ನುಂಗಿದ ಅರ್ಧ ಗಂಟೆಗೆ ಮುಖ ಕೆಂಪೇರಿ ಕಿವಿಯವರೆಗೂ ಬಿಸಿ ಹಬ್ಬುತ್ತಿತ್ತು. ತಲೆ ಸಿಡಿಯುತ್ತಿತ್ತು. ಎದ್ದು ಕೂತರೆ ಕೋಣೆ ಗಿರ್ರನೆ ತಿರುಗುತ್ತಿತ್ತು. ಆದರೂ ಅವಳಿಗೆ ಆ ಸಂಕಟ ಇಷ್ಟವೇ ಆಗಿತ್ತು, ಮಾತ್ರೆ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೊಂದೇ ಸಾಕ್ಷಿ. ಕಷ್ಟವಾಗಿದ್ದು ಸುಮ್ಮನೆ ಬಿದ್ದುಕೊಂಡಿರುವುದು. ದುಡಿದ ಕೈ. ಗುಂಡಿ ಹೊಲಿಯಲು ಕೊಡಿ ಎಂದು ಎರಡು ದಿನ ಪೀಡಿಸಿದಳು, ಅತ್ತೆ ಸೂಜಿಡಬ್ಬಿಯನ್ನು ಎತ್ತಿ ಅಡುಗೆಮನೆಯ ಅಟ್ಟಕ್ಕೆ ಹಾಕಿಬಿಟ್ಟರು. ಉಳಿದದ್ದು ದಿಂಬಿನ ಕೆಳಗಿನ ಸೀಮೆಸುಣ್ಣದ ತುಂಡೊಂದೇ, ಬಟ್ಟೆಗೆ ಗುರುತು ಹಾಕುವ ನೀಲಿ ತುಂಡು.

ಹೊಟ್ಟೆ ಬಿಗಿದಾಗಲೆಲ್ಲ ಅವಳು ಮಂಚದ ತಲೆಹಲಗೆಯ ಮೇಲೆ ಒಂದು ಗೀರು ಎಳೆಯುತ್ತಿದ್ದಳು. ಗಂಟೆ ಮುಗಿದರೆ ಅಡ್ಡಗೀರು. ಯಾರೂ ಹೇಳಿ ಮಾಡಿಸಿದ್ದಲ್ಲ, ಅಳತೆ ಬರೆದಿಡುವುದು ಕೈಗೆ ಅಂಟಿದ ಚಾಳಿ. ಮೊದಲ ವಾರ ಗಂಟೆಗೆ ಒಂದು, ಕೆಲವೊಮ್ಮೆ ಎರಡು. ಆಮೇಲೆ ಮೂರು. ಬಿಗಿಯುವಾಗ ಒಂದಿಷ್ಟೂ ನೋಯುತ್ತಿರಲಿಲ್ಲ. ನಿಧಾನವಾಗಿ ಗಟ್ಟಿಯಾಗಿ, ಉಸಿರನ್ನು ಮೇಲಕ್ಕೆ ತಳ್ಳಿ, ಸ್ವಲ್ಪ ಹೊತ್ತು ನಿಂತು, ಬಿಟ್ಟುಬಿಡುತ್ತಿತ್ತು. ಬಿಗಿತ ಇದ್ದದ್ದೇ, ಮಾತ್ರೆ ಅದರ ಜೊತೆ ಗುದ್ದಾಡುತ್ತಿದೆ, ನೋವು ಎಂಬುದು ಇದಾದ ಮೇಲೆ ಬರುವ ಬೇರೆಯೇ ಸಂಗತಿ ಎಂದು ಅವಳು ಅಂದುಕೊಂಡಿದ್ದಳು. ಬಾಗಿಲಿನತ್ತ ಮುಖ ಮಾಡಿ ಆ ನೋವಿಗಾಗಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು.

ಹನ್ನೊಂದಕ್ಕೆ ಸರಿಯಾಗಿ ಫೋನು. ನರ್ಸಿನದು ದಣಿದ, ಒಳ್ಳೆಯ ದನಿ. ನೋವಿದೆಯಾ, ನೀರು ಹೋಯ್ತಾ, ರಕ್ತ ಕಾಣಿಸ್ತಾ. ಇಲ್ಲ, ಇಲ್ಲ, ಇಲ್ಲ. ಮೂರು ಇಲ್ಲಗಳನ್ನು ಬರೆದುಕೊಂಡು ಆಕೆ ಮುಂದಿನ ಮನೆಗೆ ಫೋನು ಮಾಡುತ್ತಿದ್ದಳು. ಸಂಜೆ ಗಂಡ ಬಂದು ನರ್ಸು ಏನಂದಳೆಂದು ಕೇಳುತ್ತಿದ್ದ, ಎಲ್ಲಕ್ಕೂ ಇಲ್ಲ ಎಂದದ್ದು ಕೇಳಿ ಬೂಟು ಬಿಚ್ಚುತ್ತಿದ್ದ. ಮೀಟರು ಓದುವವನು, ಅಂಕಿ ಸರಿಯಿದ್ದರೆ ಒಳಗೆ ಸೋರಿಕೆಯಿಲ್ಲ ಎಂದು ನಂಬಿದವನು.

ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ಮಗ್ಗದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಕಿವಿಯನ್ನು ಅಲ್ಲೇ ಬಿಟ್ಟು ಬಂದವರು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಿದ್ದರು, ಮುಖ ತಿರುಗಿಸಿದರೆ ಇಲ್ಲ. ಫೋನು ಅವರ ಪಾಲಿಗೆ ಬರೀ ನಡುಗುವ ಡಬ್ಬಿ. ಹಾಗಾಗಿ ಫೋನಿನಲ್ಲಿ ಏನು ಕೇಳುತ್ತಾರೆ, ಸೊಸೆ ಏನು ಹೇಳುತ್ತಾಳೆ ಎಂಬುದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಮೂವತ್ತೊಂದನೆಯ ವಾರ ಮುಟ್ಟಲು ಎರಡು ದಿನವಿದ್ದ ಬೆಳಗ್ಗೆ, ಒಂಬತ್ತಕ್ಕೂ ಹತ್ತಕ್ಕೂ ನಡುವೆ ಐದು ಗೀರು ಬಿದ್ದವು. ಹತ್ತರಿಂದ ಹನ್ನೊಂದರೊಳಗೆ ಎಂಟು. ಏನೋ ಸರಿಯಿಲ್ಲ ಎಂದು ಅವಳ ಮೈ ಹೇಳುತ್ತಿತ್ತು. ಆದರೆ ನೋವೆಲ್ಲಿದೆ? ಅಂಗೈ ಇಟ್ಟು, ಕಣ್ಣು ಮುಚ್ಚಿ, ಮೈಯನ್ನೆಲ್ಲ ಹುಡುಕಿದಳು. ಸೊಂಟದಲ್ಲಿ ಒಂದಿಷ್ಟು ಭಾರ, ಅದು ಮಲಗಿ ಮಲಗಿ ಆದದ್ದು. ಫೋನು ಬಂತು.

"ನೋವಿದೆಯಾ ಅಮ್ಮಾ?"

ಹೌದೆಂದರೆ ಸುಳ್ಳಾಗುತ್ತದೆ. ಇಲ್ಲದ್ದನ್ನು ಇದೆ ಎಂದು ಹೇಳಿ ಆ ಪಾಪದ ಹೆಂಗಸನ್ನು ಗಾಬರಿ ಮಾಡುವುದೇ?

"ಇಲ್ಲ ಸಿಸ್ಟರ್."

ಹಾಳು ಪ್ರಾಮಾಣಿಕತೆ. ಸುಳ್ಳು ಹೇಳುವ ನಾಲಿಗೆ ಇದ್ದಿದ್ದರೆ ಆ ಹೊತ್ತಿನಲ್ಲಿ ಎಷ್ಟು ಚೆನ್ನಾಗಿತ್ತು.

ಹೊದಿಕೆ ಬದಲಿಸಲು ಅತ್ತೆ ಬಂದದ್ದು ಹನ್ನೊಂದೂಕಾಲಕ್ಕೆ. ಸೊಸೆಯನ್ನು ಪಕ್ಕಕ್ಕೆ ಹೊರಳಿಸಲು ಹೊಟ್ಟೆಯ ಕೆಳಗೆ ಕೈ ಕೊಟ್ಟವರು ಕೈಯನ್ನು ಹಿಂದಕ್ಕೆ ತೆಗೆಯಲೇ ಇಲ್ಲ. ಹೊದಿಕೆ ನೆಲಕ್ಕೆ ಜಾರಿತು. ಅವರು ಹಾಗೇ ಬಗ್ಗಿ ನಿಂತರು, ಮುಖ ಗೋಡೆಯತ್ತ, ಕಣ್ಣು ಯಾವುದರ ಮೇಲೂ ಇಲ್ಲ. ಬಿಗಿಯಿತು, ಬಿಟ್ಟಿತು. ಮತ್ತೆ ಬಿಗಿಯಿತು. ಸೊಸೆ ಏನೋ ಹೇಳಲು ಬಾಯಿ ತೆರೆದಳು, ಅತ್ತೆ ನೋಡಲಿಲ್ಲ. ಸದ್ದಿನಲ್ಲಿ ಏನೂ ಕೇಳಿಸದ ಕಾರ್ಖಾನೆಯಲ್ಲಿ ನೂಲು ಹರಿಯುವ ಮೊದಲೇ ಅವರ ಕೈಗೆ ಗೊತ್ತಾಗುತ್ತಿತ್ತಂತೆ, ಆಗಲೇ ಮಗ್ಗ ನಿಲ್ಲಿಸುತ್ತಿದ್ದರಂತೆ. ಆಮೇಲೆ ಅವರ ಕಣ್ಣು ತಲೆಹಲಗೆಯ ನೀಲಿ ಗೀರುಗಳ ಮೇಲೆ ಬಿತ್ತು. ಅಲ್ಲಿಂದ ಸೊಸೆಯ ಮುಖಕ್ಕೆ ಬಂತು.

"ಇದು ಹರಿಯೋ ನೂಲು ಕಣೇ," ಎಂದರು. ಕಿವಿ ಕೇಳದವರ ದನಿಯಲ್ಲಿ ಏರಿಳಿತವಿರುವುದಿಲ್ಲ. ಅದಕ್ಕೇ ಇನ್ನಷ್ಟು ಭಯವಾಯಿತು.

ನೋವಿಲ್ಲ ಅತ್ತೆ, ಎಂದಳು ಸೊಸೆ. ಆ ಹೊತ್ತಿಗೆ ಅತ್ತೆ ಬೆನ್ನು ತಿರುಗಿಸಿ ಆಗಿತ್ತು. ತಿರುಗಿಸಿದ್ದರಿಂದಲೇ ಮಗು ಉಳಿಯಿತು ಎನ್ನಬೇಕು. ಆ ಮಾತು ಅವರಿಗೆ ತಲುಪಿದ್ದರೆ ಅವರೂ ಒಂದು ಗಳಿಗೆ ಅನುಮಾನಿಸುತ್ತಿದ್ದರೇನೋ. ಅಪರಿಚಿತರ ಮುಂದೆ ಬಾಯಿ ಬಿಡದ ಮುದುಕಿ ಬರಿಗಾಲಲ್ಲಿ ಬೀದಿಗೆ ಹೋಗಿ ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತರು. ಹಾರನ್ನು ಹೊಡೆದವರೆಲ್ಲ ಹೊಡೆದುಕೊಂಡರು, ಅವರಿಗೆ ಕೇಳಿಸಿದರೆ ತಾನೆ. ಕೊನೆಗೆ ಬ್ರೆಡ್ಡು ಹಂಚುವ ವ್ಯಾನು ನಿಂತಿತು. ಖಾಲಿ ತಟ್ಟೆಗಳನ್ನು ಬದಿಗೆ ಸರಿಸಿ ಕಾಲಿಂಚಮ್ಮನನ್ನು ಅದರೊಳಗೆ ಮಲಗಿಸಿದರು. ಆಸ್ಪತ್ರೆಯವರೆಗೂ ಅತ್ತೆ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.

ಗರ್ಭದ ಬಾಯಿ ಎರಡು ಬೆರಳಷ್ಟು ತೆರೆದಿತ್ತು. ಇನ್ನೊಂದೆರಡು ಗಂಟೆ ತಡವಾಗಿದ್ದರೆ ತಡೆಯುವ ಮಾತೇ ಇರಲಿಲ್ಲ. ತೋಳಿಗೆ ಡ್ರಿಪ್ಪು, ತೊಡೆಗೆ ಸೂಜಿ. ಮಗುವಿನ ಶ್ವಾಸಕೋಶ ಬಲಿಯಲು ಈ ಇಂಜೆಕ್ಷನ್ನು, ನಾಳೆ ಇದೇ ಹೊತ್ತಿಗೆ ಇನ್ನೊಂದು. ಅಲ್ಲಿಯವರೆಗೆ ಮಗು ಒಳಗೇ ಇರಬೇಕು. ಇದ್ದರೆ ಉಸಿರಾಡಲು ಒಂದು ದಾರಿಯಾಗುತ್ತದೆ. ಇಷ್ಟು ಹೇಳಿ ಡಾಕ್ಟರಮ್ಮ ಸಿಟ್ಟನ್ನು ಇನ್ನು ತಡೆದುಕೊಳ್ಳಲಿಲ್ಲ.

"ಬೆಳಗ್ಗೆ ಫೋನಲ್ಲಿ ನೋವಿಲ್ಲ ಅಂದ್ರಂತೆ."

"ಇರ್ಲಿಲ್ಲ ಡಾಕ್ಟ್ರೇ. ಈಗ್ಲೂ ಇಲ್ಲ. ಬಿಗೀತಿತ್ತು ಅಷ್ಟೇ."

ಡಾಕ್ಟರಮ್ಮ ಅವಳ ಕೈಯನ್ನು ಹಿಡಿದು ಅವಳದೇ ಹೊಟ್ಟೆಯ ಮೇಲೆ ಇಟ್ಟರು. ಅದು ಆಗತಾನೆ ಗಟ್ಟಿಯಾಗುತ್ತಿತ್ತು.

"ಇದೇ ನೋವಮ್ಮ. ನಾವು ನೋವಿದೆಯಾ ಅಂತ ಕೇಳೋದು ಇದನ್ನೇ. ಕೆಲವರಿಗೆ ನೋಯುತ್ತೆ, ಕೆಲವರಿಗೆ ನೋಯಲ್ಲ. ಹೆಸರು ಮಾತ್ರ ನೋವು."

ಅವಳು ತಲೆಯಾಡಿಸಿದಳು. ಡಾಕ್ಟರಮ್ಮ ಹೋದರು. ಪಕ್ಕದಲ್ಲಿ ಯಂತ್ರ ಮಗುವಿನ ಎದೆಬಡಿತವನ್ನು ಟಕಟಕ ಎಂದು ಹೇಳುತ್ತಿತ್ತು. ಅವಳ ಮನಸ್ಸು ಅಲ್ಲಿರಲಿಲ್ಲ. ಎರಡು ವರ್ಷ ಹಿಂದಕ್ಕೆ, ಆ ಚೀಟಿ ಬರೆಯುವ ಕಿಟಕಿಗೆ ಹೋಗಿ ನಿಂತಿತ್ತು. ಅಲ್ಲಿ ಏನೋ ಕೇಳಿದ್ದರಲ್ಲ, ಅದೇನೆಂದು ಈಗ ಒಂದೊಂದು ಅಕ್ಷರವೂ ನೆನಪಾಯಿತು. ಕಿಟಕಿಯೊಳಗಿನವಳು ತಲೆಯೆತ್ತದೆ ನೋವಿದೆಯಾ ಎಂದು ಕೇಳಿದ್ದಳು. ಇಲ್ಲ, ಬರೀ ಬಿಗಿ, ಎಂದಿದ್ದಳು ಇವಳು. ಕಿಟಕಿಯವಳು ಇಲ್ಲ ಎಂಬುದನ್ನಷ್ಟೇ ಬರೆದುಕೊಂಡಿದ್ದಳು.

ಹಾಗಾದರೆ ಯಂತ್ರ ತುಳಿದದ್ದಲ್ಲ. ಬೆಲ್ಟು ಕಳಚಿ ಮೊಳೆಗೆ ಹಾಕಿದ್ದು ಯಾವ ತಪ್ಪಿಗೂ ಅಲ್ಲ. ಅತ್ತೆಯ ಕೈ ಜಗ್ಗಿ, ತುಟಿ ಕಾಣುವಂತೆ ಮುಖ ಎತ್ತಿ ಹೇಳಿದಳು.

"ಆವತ್ತೂ ಕೇಳಿದ್ರು ಅತ್ತೆ. ನಾನು ಇಲ್ಲ ಅಂದೆ."

ಅತ್ತೆ ಬಹಳ ಹೊತ್ತು ಆ ತುಟಿಗಳನ್ನೇ ನೋಡಿದರು, ಇನ್ನೊಮ್ಮೆ ಹೇಳು ಎನ್ನುವಂತೆ. ಇನ್ನೊಮ್ಮೆ ಹೇಳಬೇಕಾಗಿರಲಿಲ್ಲ.

"ಕೇಳಿದವ್ರು ಕೈ ಇಟ್ಟು ನೋಡ್ಬೇಕಿತ್ತು," ಎಂದರು ಅತ್ತೆ. "ನಾನೂ ಮನೇಲೇ ಇದ್ದೆ. ನಾನೂ ಇಟ್ಟು ನೋಡ್ಲಿಲ್ಲ."

ಆ ಇಡೀ ದಿನ, ಮಾರನೆಯ ಬೆಳಗೂ, ಅತ್ತೆ ಆಗಾಗ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಗಂಡ ಬಂದು ಕಾಲ ಬುಡದಲ್ಲಿ ಕುಳಿತ, ಯಂತ್ರದ ಅಂಕಿ ಓದಿದ, ಅರ್ಥವಾಗದೆ ಮತ್ತೆ ಓದಿದ. ಆ ಕಿಟಕಿಯ ಮಾತನ್ನು ಅವನಿಗೆ ಇನ್ನೂ ಹೇಳಿರಲಿಲ್ಲ. ಹೇಗೆ ಹೇಳುವುದೋ ಅವಳಿಗೆ ತಿಳಿದಿರಲಿಲ್ಲ. ಹನ್ನೆರಡೂವರೆಗೆ ನರ್ಸು ಎರಡನೆಯ ಇಂಜೆಕ್ಷನ್ನು ಹಿಡಿದು ಬಂದಳು. ಹನ್ನೊಂದರ ಫೋನಿನ ಅದೇ ದಣಿದ ದನಿ. ಸೂಜಿ ಚುಚ್ಚಿ, ಹತ್ತಿ ಒತ್ತಿ, ಹಲಗೆಗೆ ಸಿಕ್ಕಿಸಿದ ಕಾಗದವನ್ನು ಕೈಗೆತ್ತಿಕೊಂಡಳು. ಒಂದು ದಿನ ದಾಟಿತ್ತು. ಇನ್ನೂ ಎಷ್ಟು ದಾಟುತ್ತವೋ ಹೇಳುವವರಿರಲಿಲ್ಲ.

"ನೋವಿದೆಯಾ ಅಮ್ಮಾ?"

"ಇದೆ."

ನರ್ಸು ಕಾಗದ ಬದಿಗಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟಳು. ಕಾದಳು. ಯಂತ್ರದ ಗೆರೆ ನೋಡಿದಳು, ಅದು ನೇರವಾಗಿ ಹೋಗುತ್ತಿತ್ತು.

"ಈಗ ಸಡಿಲವಾಗೇ ಇದೆಯಲ್ಲಮ್ಮ. ಬಿಗೀತಿಲ್ಲ."

"ಗೊತ್ತು ಸಿಸ್ಟರ್," ಎಂದಳು ಕಾಲಿಂಚಮ್ಮ. "ಆದ್ರೂ ಬರ್ಕೊಳ್ಳಿ."